ಬಾಗಿಲಲ್ಲೇ ನೀರಿರುವಾಗ

"ನೀರೂ ಥೇಟ್ ಈ ಬೋರ್ ಹುಡುಗನ ಹಾಗೇ ಇದೆ," ಎಂದಳು ಎನೆಲೆಸಿ. "ಪಾತಾಳದಿಂದ ಬಂದಿದೀನಿ ಅನ್ನೋ ಜಂಬ ಬೇರೆ. ಬಾಯಿಗಿಟ್ಟರೆ ಬರೀ ತುಕ್ಕು."

ಹೊಸ ಕೈಪಂಪಿನ ಸುತ್ತ ನೆರೆದಿದ್ದ ನಂತೋಕಾ ಊರು ಗೊಳ್ಳೆಂದು ನಕ್ಕಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವಳ ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಸಮುದ್ರದಾಚೆಯಿಂದ ಬಂದ ಮಿಷನ್‌ನವರು, ಎಲ್ಲರೂ ಒಂದೇ ನೀಲಿ ಟೀಶರ್ಟಿನವರು, ಏನಂದಳು ಎಂದು ಪಾದ್ರಿಯ ಮುಖ ನೋಡಿದರು.

"ದೇವರಿಗೂ ನಿಮಗೂ ವಂದನೆ ಅಂತಿದಾಳೆ," ಎಂದು ಪಾದ್ರಿ ಇಂಗ್ಲಿಷಿನಲ್ಲಿ ಹೇಳಿದ. ಅವರು ಚಪ್ಪಾಳೆ ತಟ್ಟಿದರು. ಒಬ್ಬಾಕೆಯಂತೂ ಕಣ್ಣೊರೆಸಿಕೊಂಡಳು.

ಲುಸುಂಗು ಸ್ಪ್ಯಾನರ್ ಹಿಡಿದು ನಿಂತೇ ಇದ್ದ. ಬೋರ್ ಕೊರೆಯುವ ಲಾರಿಯ ಹುಡುಗ, ಮಲಾವಿಯ ಉತ್ತರದ ಮ್ಜಿಂಬಾ ಕಡೆಯವನು, ದಕ್ಷಿಣದ ಈ ಊರಿಗೆ ಹೊಸಬ. ಹೊಸ ಪೈಪಿನ ಮೊದಲ ನೀರು ಹೀಗೇ ಇರುತ್ತದೆ, ನಾಲ್ಕು ದಿನ ಸೇದಿದರೆ ಸರಿಹೋಗುತ್ತದೆ ಎಂದು ಹೇಳಬಹುದಿತ್ತು. ಕಿವಿ ಕಾದ ಹಂಚಾಗಿತ್ತು. ಪಂಪಿನ ಮೇಲೆ ಆ ಟೀಶರ್ಟಿನವರ ಹೆಸರು ಕೆತ್ತಿದ ಹಿತ್ತಾಳೆ ಹಲಗೆ ಹೊಳೆಯುತ್ತಿತ್ತು. ಅವರು ಮಾಡಿದ್ದು ಕಟ್ಟೆಗೆ ಬಣ್ಣ ಬಳಿದಿದ್ದು. ಹೆಸರು ಅವರಿಗೆ, ತುಕ್ಕು ಇವನಿಗೆ.

ಆದರೆ ಅವನನ್ನು ಹೆಚ್ಚು ಕಂಗೆಡಿಸಿದ್ದು ಅವಳ ಕಣ್ಣು. ಲೋಟದ ಅಂಚಿನ ಮೇಲಿಂದ ಅದು ಅವನನ್ನೇ ನೋಡುತ್ತಿತ್ತು. ಚೆಂಡು ಎಸೆದಾಗಿದೆ, ಇನ್ನೂ ಯಾಕೆ ಹಿಡಿದಿಲ್ಲ ಎಂಬಂತೆ.

ಅವನು ಜನರನ್ನು ಸರಿಸಿಕೊಂಡು ಅಡುಗೆಯ ಚಪ್ಪರದ ಕಡೆ ಹೊರಟುಬಿಟ್ಟ.

ಹೊಳೆಯ ದಾರಿಯ ಎನೆಲೆಸಿ ಬೇರೆಯೇ ಇದ್ದಳು.

ನೆಲ ಕೊರೆಯುವ ಯಂತ್ರಕ್ಕೂ ನೀರು ಬೇಕು, ಸುರಿಯುತ್ತಲೇ ಇರಬೇಕು. ಊರ ಹೆಂಗಸರೇ ಹೊಳೆಯಿಂದ ಹೊತ್ತು ತಂದರು. ಲುಸುಂಗುವೂ ಕ್ಯಾನ್ ಹಿಡಿದು ಹೋದ. ಹೊಳೆಯಲ್ಲಿ ಬರೀ ಮರಳು. ಬಗೆದು, ಒರತೆ ತುಂಬುವ ತನಕ ಕಾದು ಕೂರಬೇಕು.

"ನೀರು ಕೊಡೋಕೆ ಬಂದೋರು ನಮ್ಮ ನೀರೇ ಕುಡೀತಿದೀರಲ್ಲ," ಎಂದಿದ್ದಳು ಅವಳು ಮೊದಲ ದಿನ, ಹತ್ತಿರ ಯಾರೂ ಇಲ್ಲದಾಗ. "ನಿನ್ನ ಯಂತ್ರಕ್ಕಿಂತ ನಮ್ಮ ಮಾವನೇ ವಾಸಿ. ಕುಡಿದ್ರೆ ಹಾಡಾದ್ರೂ ಹೇಳ್ತಾನೆ."

"ನನ್ನ ಯಂತ್ರಾನೂ ಹಾಡತ್ತೆ."

"ಅದು ಹಾಡಲ್ಲ ಮಾರಾಯ, ಹೆರಿಗೆ ನೋವು."

ನಕ್ಕು ನಕ್ಕು ಅವನ ಕ್ಯಾನ್ ಮಗುಚಿತ್ತು. ಮತ್ತೆ ಒರತೆ ತುಂಬುವವರೆಗೆ ಕೂರಬೇಕಾಯಿತು. ಇಬ್ಬರಿಗೂ ಅದರಿಂದ ಬೇಸರವೇನೂ ಆಗಲಿಲ್ಲ.

ಬರುವಾಗ ಅವಳ ತಲೆಯ ಮೇಲೆ ತುಂಬಿದ ಬಕೆಟ್. ಕತ್ತು ತಿರುಗಿಸುವಂತಿಲ್ಲ. ಕಣ್ಣು ಮಾತ್ರ ಮೂಲೆಗೆ ಸರಿದು, ಅವನನ್ನು ತಾಗಿ, ಏನೂ ಆಗದವರಂತೆ ದಾರಿಗೆ ಮರಳುತ್ತಿತ್ತು. ಆ ಒಂದು ನೋಟಕ್ಕಾಗಿ ಅವನು ದಿನವಿಡೀ ಪೈಪ್ ಎತ್ತುತ್ತಿದ್ದ.

ಊರವರ ಮುಂದೆ ಅವಳು ಮಾತೇ ಆಡುತ್ತಿರಲಿಲ್ಲ. ಮಂಡಿಯೂರಿ, ಎರಡೂ ಕೈಯಲ್ಲಿ ಲೋಟ ನೀಡಿ, ತಲೆ ತಗ್ಗಿಸಿ ಹೋಗುತ್ತಿದ್ದಳು. ನನ್ನ ಮೇಲೆ ಎಷ್ಟು ಪ್ರೀತಿ ಎಂದು ಅವನ ಎದೆ ಉಬ್ಬುತ್ತಿತ್ತು.

ನಿನ್ನೆ ಸಂಜೆ ಒರತೆಯ ಬಳಿ ಕೇಳಿಯೇಬಿಟ್ಟಿದ್ದ. "ನಮ್ಮ ದೊಡ್ಡಪ್ಪನ್ನ ಕಳಿಸ್ತೀನಿ. ನಮ್ಮ ಕಡೆ ಪದ್ಧತಿಯಂತೆ ನಿಮ್ಮೋರಿಗೆ ಹಸು ಕೊಟ್ಟು ಕರ್ಕೊಂಡು ಹೋಗ್ತೀವಿ. ಮ್ಜಿಂಬಾಕ್ಕೆ ಬರ್ತೀಯಾ?"

ಅವಳು ಅರ್ಧ ತುಂಬಿದ ಬಕೆಟ್ ಎತ್ತಿಕೊಂಡು ಹೊರಟುಹೋದಳು. ಇವತ್ತು ಉತ್ತರ ಸಿಕ್ಕಿತು. ಇಡೀ ಊರೆದುರಿಗೆ.

ಚಪ್ಪರದಲ್ಲಿ ಅಡುಗೆಯ ಮುದುಕಿ ನಸಿಬೆಕೊ ಅತಿಥಿಗಳಿಗೆಂದು ಮೆಕ್ಕೆಜೋಳದ ಮುದ್ದೆ ನ್ಸಿಮಾ ತೊಳಸುತ್ತಿದ್ದಳು. ಅವನ ಮುಖ ನೋಡಿದವಳೇ ಸೌಟು ನಿಲ್ಲಿಸಿದಳು.

"ಏನೋ ಉತ್ತರದವನೇ, ಮದುವೆ ಊಟ ಯಾವಾಗ?"

"ನೀನೂ ಶುರು ಮಾಡಬೇಡಮ್ಮ. ಊರೆದುರಿಗೆ ಮಾನ ತೆಗೆದಳು."

"ಅಯ್ಯೋ ಪೆದ್ದೇ. ಈ ಊರಲ್ಲಿ ಹುಡುಗಿ ಹಾಗೆ ಬಯ್ಯೋದು ಯಾರಿಗೆ ಗೊತ್ತಾ? ಸೋದರಮಾವನ ಮಗನಿಗೆ, ಸೋದರತ್ತೆ ಮಗನಿಗೆ. ಮದುವೆ ಆಗಬಹುದಾದವನಿಗೆ. ಬೇರೆಯವರಿಗೆ ಬೈದ್ರೆ ಅವಳ ಮಾವ ಚರ್ಮ ಸುಲೀತಾನೆ. ಇವತ್ತು ಮಾವ ಏನು ಮಾಡಿದ?"

"ನಕ್ಕ."

"ಮತ್ತೆ?"

ಲುಸುಂಗುವಿನ ಕಡೆಯೂ ಇಂಥ ಅಣಕವಿತ್ತು, ಆದರೆ ಅಜ್ಜಿ ಮೊಮ್ಮಕ್ಕಳ ನಡುವೆ ಮಾತ್ರ. ಪ್ರಾಯದ ಹುಡುಗಿ ಬೈದರೆ ಬೈದಳೆಂದೇ ಅರ್ಥ. "ಹಾಗಾದ್ರೆ ಮಂಡಿಯೂರಿ ನೀರು ಕೊಡ್ತಿದ್ದಳಲ್ಲ, ಅದು?"

"ಪಾದ್ರಿಗೂ ಕೊಡ್ತಾಳೆ. ಸೊಳ್ಳೆ ಔಷಧಿ ಹೊಡೆಯೋಕೆ ಬರೋನಿಗೂ ಕೊಡ್ತಾಳೆ. ಮಂಡಿಯೂರೋದು ಹೊರಗಿನವರಿಗೆ ಕಣೋ."

"ಈಗ ನಾನೇನು ಮಾಡ್ಲಿ?"

"ತಿರುಗಿ ಬಯ್ಯಿ. ಇನ್ನೂ ಖಾರವಾಗಿ. ಮಾವ ಕುರ್ಚಿ ಹಾಕಿ ಕೂರಿಸ್ತಾನೆ, ಮದುವೆ ಮಾತು ಮುಗೀತು. ಅವರಮ್ಮನ ಅಂಗಳದ ಪಕ್ಕ ಮನೆ ಕಟ್ಕೊಂಡು ಇರು. ನಮ್ಮಲ್ಲಿ ಗಂಡು ಬರೋದು, ಹೆಣ್ಣು ಹೋಗಲ್ಲ. ನಿನ್ನ ಹಸು ತಂದ್ರೆ ಸಾರು ಮಾಡಿ ಉಣ್ತೀವಿ, ಅಷ್ಟೆ."

ಲುಸುಂಗು ಅಲ್ಲೇ ಸೌದೆಯ ಮೇಲೆ ಕುಕ್ಕರಿಸಿದ. ಒಂದೇ ಬೈಗುಳದಲ್ಲಿ ಹೂಂ, ಉಹೂಂ ಎರಡೂ ಇತ್ತು. ಅವನಿಗೆ ಹೂಂ, ಅವನ ಹಸುವಿಗೆ ಉಹೂಂ.

ಮನೆ ಅಳಿಯ. ಮ್ಜಿಂಬಾದಲ್ಲಿ ಆ ಮಾತು ಕೇಳಿದರೆ ಗಂಡಸರು ಉಗಿಯುತ್ತಾರೆ. ಸೊಸೆ ಬರುತ್ತಾಳೆಂದು ಅಮ್ಮ ಆ ಹಸುಗಳನ್ನು ಮಕ್ಕಳಂತೆ ಸಾಕಿದ್ದಾಳೆ. ಇಲ್ಲಿದ್ದರೆ ಹುಟ್ಟುವ ಮಕ್ಕಳಿಗೂ ಎನೆಲೆಸಿಯ ಸೋದರಮಾವನದೇ ಮಾತು, ಅಪ್ಪನದಲ್ಲ. ಹೋದರೆ, ಬಕೆಟ್ಟಿನ ಕೆಳಗಿನ ಆ ಕಣ್ಣು ಮತ್ತೆ ಸಿಗುವುದಿಲ್ಲ. ಎಲ್ಲರ ಮೇಲೂ ಸಿಟ್ಟು ಬಂತು. ನಕ್ಕವರ ಮೇಲೆ, ಹಸುಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ನೀರು ಸಿಕ್ಕ ಜಾಗ ಅವಳ ಮನೆಯಂಗಳದ ಪಕ್ಕವೇ. ಇನ್ನು ಅವಳ ಕತ್ತು ನೋಯುವುದಿಲ್ಲ ಎಂದು ಅವತ್ತು ಕುಣಿದಿದ್ದ. ಅವಳು ಹೊಳೆಯ ದಾರಿಗೆ ಇನ್ನು ಯಾಕೆ ಬರುತ್ತಾಳೆ ಎಂಬುದು ಆಗ ಹೊಳೆದಿರಲಿಲ್ಲ.

ಊಟವಾಗಿ ಮಿಷನ್‌ನವರ ವ್ಯಾನ್ ಹೋಯಿತು. ಯಂತ್ರ ಹೇರಿಕೊಂಡು ಲಾರಿಯೂ ಸಿದ್ಧವಾಯಿತು. ಲುಸುಂಗು ಪಂಪಿನ ಬೋಲ್ಟುಗಳನ್ನು ಕೊನೆಯ ಸಲ ಬಿಗಿಯುತ್ತಿದ್ದ. ಬಿಗಿಯಾದದ್ದನ್ನೇ ಬಿಗಿಯುತ್ತಿದ್ದ.

ಹೆಂಗಸರ ಸಾಲಿನಿಂದ ಎನೆಲೆಸಿ ಮುಂದೆ ಬಂದಳು. ಖಾಲಿ ಬಕೆಟ್ ಸೊಂಟಕ್ಕೆ ಒರಗಿತ್ತು. ಅವನ ಕಡೆ ನೋಡದೆ, ಲಾರಿಯಲ್ಲಿ ಕೂತಿದ್ದ ಫೋರ್ಮನ್ ಸುಕಾಲಿಗೆ ಹೇಳಿದಳು:

"ಸುಕಾಲಿ ಸಾಹೇಬ್ರೇ, ಒಳ್ಳೊಳ್ಳೆ ಸಾಮಾನೆಲ್ಲ ಹೇರಿಕೊಂಡ್ರಿ. ಈ ಗುಜರಿ ಏನು ಮಾಡ್ತೀರಿ? ಕೊಕ್ಕರೆ ಕಾಲು, ಮೂಗಿನ ತುಂಬ ಗ್ರೀಸು. ದೂರ ಹೊತ್ಕೊಂಡು ಹೋಗೋಕೆ ಲಾಯಕ್ಕಿಲ್ಲ. ಬಿಟ್ಟು ಹೋಗಿ, ನಮ್ಮ ಕೋಳಿಗೂಡಿಗಾದ್ರೂ ಆನಿಸಿಕೋತೀವಿ."

ಈ ಸಲ ಯಾರೂ ನಗಲಿಲ್ಲ. ಮಾವ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡ. ಚಪ್ಪರದಲ್ಲಿ ನಸಿಬೆಕೊಳ ಸೌಟು ನಿಂತಿತು. ಎನೆಲೆಸಿಯ ಧ್ವನಿ ಗಟ್ಟಿಯಾಗಿಯೇ ಇತ್ತು. ಬಕೆಟ್ಟಿನ ಹಿಡಿ ಮಾತ್ರ ಅವಳ ಕೈಯಲ್ಲಿ ಸಣ್ಣಗೆ ಗಿಲಗಿಲ ಅನ್ನುತ್ತಿತ್ತು. ಅದು ಲುಸುಂಗುವಿಗೆ ಮಾತ್ರ ಕೇಳಿಸಿತು.

ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮ ಕೋಳಿಗಳು ನಿನ್ನ ಬಾಯಿಗೆ ಹೆದರಿ ಊರು ಬಿಟ್ಟಿವೆ, ಮೊದಲು ಅವನ್ನ ಕರ್ಕೊಂಡು ಬಾ. ಖಾರವಾಗಿತ್ತು, ಚೆನ್ನಾಗಿತ್ತು. ಅದನ್ನು ಅಂದುಬಿಟ್ಟರೆ ಅವನು ಈ ಊರಿನವನು. ಅನ್ನದೆ ಲಾರಿ ಹತ್ತಿದರೆ ಅಮ್ಮನ ಮಗ.

ಅವನು ಬಾಯಿ ತೆರೆದ. ಅಮ್ಮನ ಹಸುಗಳು ಕಂಡವು. ಮುಚ್ಚಿದ. ಮೂಲೆಗೆ ಸರಿದ ಕಣ್ಣು ಕಂಡಿತು.

"ಹತ್ತೋ ಬೇಗ," ಎಂದು ಫೋರ್ಮನ್ ಹಾರ್ನ್ ಒತ್ತಿದ.

ಲುಸುಂಗು ಸ್ಪ್ಯಾನರನ್ನು ಪಂಪಿನ ಕಟ್ಟೆಯ ಮೇಲಿಟ್ಟ. ಅವಳ ಪಕ್ಕದಿಂದಲೇ ಹಾದ. ಮಾವನ ಕುರ್ಚಿಯ ಕಡೆ ಹೋಗಲಿಲ್ಲ. ಲಾರಿಯ ಕಡೆಯೂ ಹೋಗಲಿಲ್ಲ. ಹೊಳೆಯ ದಾರಿಗೆ ಇಳಿದ.

"ಲೇ, ಲಾರಿ ಈ ಕಡೆ ಕಣೋ," ಫೋರ್ಮನ್ ಕೂಗಿದ.

ಅವನು ತಿರುಗಲಿಲ್ಲ. ಎಲ್ಲಿಗೆ ಹೋಗುತ್ತಿದ್ದಾನೆಂದು ಅವನ ಕಾಲಿಗೇ ಸರಿಯಾಗಿ ತಿಳಿದಿರಲಿಲ್ಲ. ಹಿಂದಿನಿಂದ ಅವಳ ತಾಯಿಯ ದನಿ ಬಂತು.

"ಎನೆಲೆಸೀ, ಬಕೆಟ್ ತಗೊಂಡು ಎಲ್ಲಿಗೇ? ನೀರು ಬಾಗಿಲಲ್ಲೇ ಇದೆಯಲ್ಲೇ."

ಖಾಲಿ ಬಕೆಟ್ಟಿನ ಹಿಡಿ ಗಿಲಗಿಲ ಎನ್ನುತ್ತ ಇಳಿಜಾರಿನಲ್ಲಿ ಹತ್ತಿರವಾಗುತ್ತಿತ್ತು.

"ಲೋ ಗುಜರಿ," ಎಂದಳು ಅವಳು, ಈ ಸಲ ಮೆಲ್ಲಗೆ. "ನಿನಗೆ ಬಾಯಿಲ್ವಾ?"

ಅವನು ಹೆಜ್ಜೆಯನ್ನು ತುಸು ನಿಧಾನ ಮಾಡಿ, ನಡೆಯುತ್ತಲೇ ಹೋದ.