ಟೀವಿಯೊಳಗೆ ಕೂತ ಬೀಗರು

ನಮ್ಮ ಬೀಗರು ಬಸ್ಸಿನಿಂದ ಇಳಿಯುವಾಗ ಮೊದಲು ಅವರ ಮೀಸೆ ಇಳಿಯುತ್ತದೆ, ಆಮೇಲೆ ಅವರು. ಆ ಮೀಸೆ ವಯಸ್ಸಿಗೆ ಬೆಳ್ಳಗಾಗಿದೆಯೋ ಹಿಟ್ಟಿಗೆ ಬೆಳ್ಳಗಾಗಿದೆಯೋ ದೇವರಿಗೇ ಗೊತ್ತು. ರಾಮದುರ್ಗದಲ್ಲಿ ಅವರದು ಹಿಟ್ಟಿನ ಗಿರಣಿ. ಹರೆಯದಿಂದ ಆ ಗದ್ದಲದಲ್ಲಿ ಕೂಗಿ ಕೂಗಿ, ಈಗ ಗುಟ್ಟಿನ ಮಾತಾಡಿದರೂ ನವಿಲುತೀರ್ಥದ ಡ್ಯಾಮಿನ ಗೇಟು ತೆಗೆದ ಹಾಗೆ ಇರುತ್ತದೆ.

ಅವತ್ತು ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೇ, ಮೊಮ್ಮಕ್ಕಳ ಕೈ ಹಿಡಿದು ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರಿ ಬೀಗತೇರ, ಇನ್ನೂ ಗಟ್ಟಿ ಅದೀರಿ?"

"ನಿಮ್ಮ ತಿಥಿ ಊಟಾ ಉಂಡ ಹೋಗಾಕಿ ನಾನು."

ಬೀಗರು ಬೀಗರು ಕಾಲೆಳೆಯುವುದು ನಮ್ಮ ಕಡೆ ಹೊಸತಲ್ಲ. ಆದರೆ ನಮ್ಮದು ಚೇಷ್ಟೆ ಹೋಗಿ ಯುದ್ಧವಾಗಿತ್ತು. ನನ್ನ ಮಗಳನ್ನು ಅವರ ಮಗ ವೀರಪ್ಪನಿಗೆ ಕೊಟ್ಟ ದಿನ, ತುಂಬಿದ ಪಂಕ್ತಿಯಲ್ಲಿ ಈ ಮನುಷ್ಯ ನನ್ನ ಹೋಳಿಗೆಯನ್ನು ಎತ್ತಿ ಹಿಡಿದು, "ಇದನ್ನ ನಮ್ಮ ಗಿರಣಿಗೆ ಕಲ್ಲು ಮಾಡಬಹುದು ನೋಡ್ರಿ" ಅಂದಿದ್ದರು. ಬೈಲಹೊಂಗಲದಿಂದ ಕಿತ್ತೂರಿನವರೆಗೆ ನನ್ನ ಹೋಳಿಗೆಗೆ ಬಾಯಿ ಬಿಡದ ಮಂದಿ ಇಲ್ಲ. ಅಂಥದಕ್ಕೆ ಈ ಮಾತು!

ಈಗ ಜಗಳಕ್ಕೆ ಹೊಸ ಕಾರಣ ಸಿಕ್ಕಿತ್ತು. ಅಳಿಯನಿಗೆ ದೂರದ ಕಾಲುವೆ ಕ್ಯಾಂಪಿಗೆ ವರ್ಗವಾಗಿತ್ತು. ಅಲ್ಲಿ ಸಾಲಿ ಇಲ್ಲ. ಮೊಮ್ಮಕ್ಕಳು ಉಮಾಶ್ರೀ ಮತ್ತು ಅಪ್ಪು ಯಾರ ಮನೆಯಲ್ಲಿ ಇದ್ದು ಓದಬೇಕು? ನಾನು ಬೈಲಹೊಂಗಲ ಅಂದೆ, ಅವರು ರಾಮದುರ್ಗ ಅಂದರು. ಫೋನಿನ ತಂತಿ ಕಾದು ಕೆಂಪಾಯಿತು. ಕಡೆಗೆ ಮಗಳು ರೇಗಿ ಹೇಳಿದಳು:

"ಸವದತ್ತ್ಯಾಗ ಗುಂಡಾನಿ ಮನಿ ಬಂದೈತಿ. ನೀವಿಬ್ರೂ ಹುಡುಗೋರನ್ನ ಅಲ್ಲಿಗೆ ಕರಕೊಂಡ ಹೋಗ್ರಿ. ಸಂಜೀಕ ಒಂದ ಮಾತಿಗೆ ಬಂದು ನನಗ ಫೋನ್ ಮಾಡ್ರಿ. ಇಲ್ಲಂದ್ರ ಇಬ್ರನ್ನೂ ಹಾಸ್ಟೆಲಿಗೆ ಹಾಕ್ತೇನಿ, ಖರೆ ಹೇಳ್ತೇನಿ."

ಹಾಸ್ಟೆಲ್ ಎಂಬ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಆ ಮಕ್ಕಳು ನನಗೆ ಬೇಕಿತ್ತು. ಕಣ್ಣಿಗೆ ರೆಪ್ಪೆ ಬೇಕಾದ ಹಾಗೆ.

ಗುಂಡಾನೆ ಎಂದರೆ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುವ ಆನೆ. ಕೆಂಪು ಚಡ್ಡಿ, ಕೈಯಲ್ಲಿ ಛತ್ರಿ. ಅದು ಬಂದರೆ ಊರಿನ ಅಳುವ ಕೂಸುಗಳೆಲ್ಲ ಗಪ್‌ಚಿಪ್. ಆ ಬೇಸಿಗೆಯಲ್ಲಿ ಯಾರೋ ಕಂಪನಿಯವರು ಸವದತ್ತಿಯ ಬಯಲಲ್ಲಿ ತಗಡು, ಬಟ್ಟೆ ಹೊಡೆದು ಅದರ ಮನೆಯನ್ನೇ ಎಬ್ಬಿಸಿದ್ದರು. ಟೀವಿಯಲ್ಲಿದ್ದ ಹಾಗೇ ಹಳದಿ ಬಾಗಿಲು, ಬಾಳೆಹಣ್ಣಿನ ಆಕಾರದ ಮಂಚ, ಒಲೆ, ಬಾವಿ. ನಾವು ಹೋದಾಗ ಸಾಲು ಹಾವಿನಂತೆ ಸುತ್ತಿಕೊಂಡಿತ್ತು.

ಬೀಗರು ನನ್ನ ಮುಂದೆ ನಿಂತರು. ನಾನು ಅವರ ಮುಂದೆ ಹೋಗಿ ನಿಂತೆ. ಅವರು ಮತ್ತೆ ನನ್ನ ಮುಂದೆ ಬಂದರು.

"ಆಯಿ, ನೀವಿಬ್ರೂ ಹಿಂಗ ಮಾಡಿದ್ರ ನಾವು ಎಲ್ಲಾರ್ಕಿಂತಾ ಮೊದಲ ಒಳಗ ಹೋಗ್ತೇವಿ," ಎಂದಳು ಉಮಾಶ್ರೀ.

ಒಳಗೆ ಮಕ್ಕಳು ಮಂಚ ಹತ್ತಿ ಜಿಗಿಯತೊಡಗಿದರು. ಅಣಬೆಯ ಹಾಗಿದ್ದ ಸಣ್ಣ ಕುರ್ಚಿಗಳಲ್ಲಿ ನಾವಿಬ್ಬರೂ ಮುಖ ತಿರುಗಿಸಿ ಕೂತೆವು. ಓರೆಗಣ್ಣಲ್ಲಿ ನೋಡಿದೆ. ಅವರೂ ಓರೆಗಣ್ಣಲ್ಲಿ ನೋಡುತ್ತಿದ್ದರು. ಇಬ್ಬರೂ ತಟ್ಟನೆ ಮಂಚದ ಕಡೆ ಕಣ್ಣು ತಿರುಗಿಸಿದೆವು.

"ಹೋಗ್ಲಿ, ಮಾತ ಮುಗಿಸೋಣ," ಎಂದರು ಬೀಗರು. "ಸಹಿ ಮಾಡಾಕ ಹೆಬ್ಬೆಟ್ಟು ಒತ್ತಾಕಿ ನೀವು. ಹುಡುಗೋರಿಗೆ ಏನ್ ಪಾಠಾ ಹೇಳ್ತೀರಿ? ರೊಟ್ಟಿ ಬಡಿಯೋದಾ?"

ಸುತ್ತಲಿನ ನಾಕು ಮಂದಿ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಸಾಲಿಗೆ ಹೋಗಬೇಕಾದ ವಯಸ್ಸಿನಲ್ಲಿ ನಾನು ಎಮ್ಮೆ ಕಾದವಳು. ಅದು ನನಗೆ ಗೊತ್ತಿಲ್ಲವೇ?

"ಹೌದ್ರಿ, ನನಗ ಅಕ್ಷರ ಬರಂಗಿಲ್ಲ. ಆದ್ರ ಗಂಡ ಹೋದ್ರೂ ನಮ್ಮ ಮನ್ಯಾಗ ಸಂಜೀಕ ದೀಪಾ ಹಚ್ಚಾಕ ನಾ ಅದೇನಿ. ಹೆಂಡ್ತಿ ಹೋದ ಮ್ಯಾಲ ನಿಮ್ಮ ಮನ್ಯಾಗ ದೀಪಾ ಹಚ್ಚೋರ ಯಾರ ಅದಾರ? ಹುಡುಗೋರನ್ನ ಕತ್ತಲ್ಯಾಗ ಕುಂದ್ರಸ್ತೀರೇನು?"

ಆ ಮಾತು ಬಾಯಿಂದ ಬಿತ್ತು. ಬೀಗರು ತಿರುಗಿ ಜಗಳಕ್ಕೆ ಬರುತ್ತಾರೆ ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಜ್ಜಾದೆ. ಅವರು ಬರಲಿಲ್ಲ. ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡರು. ಗಿರಣಿ ಗುಡುಗಿದರೆ ಹೆದರದ ನಾನು ಆ ತಗ್ಗಿದ ತಲೆಗೆ ಹೆದರಿದೆ.

ಅಷ್ಟರಲ್ಲಿ ಅಪ್ಪು ಚೀರಿದ್ದು ಕೇಳಿತು.

"ಆಯೀ! ಗುಂಡಾನಿ ತಲಿ ಕಿತ್ತ ಹೋತು!"

ಪರದೆಯ ಹಿಂದೆ ಆನೆಯ ವೇಷದವನು ಸೆಕೆಗೆ ತಲೆ ತೆಗೆದು ಬಗಲಲ್ಲಿ ಇಟ್ಟುಕೊಂಡು, ಗಟಗಟ ನೀರು ಕುಡಿಯುತ್ತಿದ್ದ. ನಮ್ಮ ಹುಡುಗ ಅಲ್ಲಿಗೇ ಹೋಗಿ ಇಣುಕಿದ್ದ. ಅವನ ಅಳುವಿಗೆ ತಗಡು ಹಾರಿ ಮುನವಳ್ಳಿಗೆ ಬೀಳಬೇಕು! ನಾನು ಓಡುವ ಮೊದಲೇ ಬೀಗರು ಹೋಗಿ ಅವನನ್ನು ಎತ್ತಿಕೊಂಡಿದ್ದರು.

"ಏ ಹುಚ್ಚಾ, ತಲಿ ಕಿತ್ತಿಲ್ಲೋ. ಒಳಗ ಅಂವಗ ಸೆಕಿ ಆಗೇತಿ. ನಾ ಗಿರಣ್ಯಾಗ ಪಟಗಾ ತಗದು ಬೆವರ ಒರಸ್ಕೊಳ್ಳಂಗಿಲ್ಲೇನು? ಹಾಂಗ. ಬಾ, ಅಂವನ್ನ ಮಾತಾಡಸೋಣು."

ಬೀಗರು ಹೋಗಿ ಆ ಆನೆಯವನ ಮುಂದೆ ಕೂತರು. ತಲೆಗೆ ಸುತ್ತಿದ್ದ ಪಟಗಾ ತೆಗೆದು ಅವನಿಗೆ ಗಾಳಿ ಹಾಕಿದರು. ಅಪ್ಪು ಮೂಗು ಸೊರಸೊರ ಎನ್ನುತ್ತ ತಾನೂ ಅಂಗೈ ಬೀಸಿದ. ಸ್ವಲ್ಪ ಹೊತ್ತಿಗೆ ಮೂವರೂ ನಗುತ್ತಿದ್ದರು. ಪಟಗಾ ಇಲ್ಲದ ಬೀಗರ ತಲೆ ನಾನು ನೋಡಿದ್ದು ಅದೇ ಮೊದಲು. ನಡುವೆ ಬೋಳು, ಸುತ್ತ ಬೆಳ್ಳಿ ಕೂದಲು, ಮಗುವಿನ ತಲೆಯ ಹಾಗೆ ಮೆತ್ತಗೆ. ನನಗೆ ನನ್ನ ಮೇಲೇ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಬೋಳು ತಲೆ ನೋಡಿ ಎದೆ ಡವಡವ ಎನ್ನುವುದೇ? ಥೂ ನನ್ನ!

ಹೊರಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಟೀವಿ ಮಾಡಿ ನಿಲ್ಲಿಸಿದ್ದರು. ಅಬ್ಬಾ, ಗೂಡ್ಸ್ ಲಾರಿಯಷ್ಟು! ಗಾಜಿಲ್ಲದ ಬರೀ ಚೌಕಟ್ಟು, ಒಳಗೆ ಬೆಂಚು. ಮನೆಮಂದಿ ಹೋಗಿ ಕೂತರೆ, ಹೊರಗೆ ನಿಂತ ಮಂದಿಗೆ ಟೀವಿಯಲ್ಲಿ ಬಂದಂತೆ ಕಾಣುತ್ತದೆ. ಫೋಟೋದ ನಿಜಾಮಸಾಬರು ಮದರಂಗಿ ಗಡ್ಡ ನೀವುತ್ತ ನಮ್ಮನ್ನು ಕೂರಿಸಿದರು.

"ಅಜ್ಜಾರ, ಅಜ್ಜಿ ಕಡೆ ಸರೀರಿ. ನಡುವ ಎತ್ತಿನ ಗಾಡಿ ಹೋಗುವಷ್ಟು ಜಾಗಾ ಬಿಟ್ಟೀರಲ್ಲಾ!"

"ನಾವು ಗಂಡಾ ಹೆಂಡ್ತಿ ಅಲ್ರಿ ಸಾಹೇಬರ, ಬೀಗರು," ಎಂದೆ.

"ಯಾರರ ಆಗ್ರಿ, ಫೋಟೋದಾಗ ಬರಬೇಕಲ್ಲಾ!"

ಬೀಗರು ಸರಿದರು. ಸ್ಪೀಕರಿನಲ್ಲಿ ಗುಂಡಾನೆಯ ಹಾಡು ಕಿವಿ ಹರಿಯುವಂತೆ ಹೊಡೆಯುತ್ತಿತ್ತು. ಮುಂದೆ ನೂರಾರು ಮಂದಿ. ಬೀಗರು ನನ್ನ ಕಡೆ ಬಾಗಿ ಏನೋ ಅಂದರು. ಕೇಳಲಿಲ್ಲ.

"ಏನ್ರಿ?"

ಅವರು ದನಿ ಏರಿಸಿದರು. "ನೀವಂದದ್ದು ಖರೆ ಐತಿ! ದೀಪಾ ಹಚ್ಚೋರಿಲ್ಲ! ಹುಡುಗೋರು ನಿಮ್ಮಲ್ಲೇ ಇರ್ಲಿ ಅಂತ ಮೊದಲ ದಿನಾನ ಒಪ್ಪತಿದ್ದೆ!"

"ಮತ್ತ ಇಷ್ಟ ದಿನಾ ಯಾಕ ಜೀವಾ ತಿಂದ್ರಿ?"

"ಒಪ್ಪಿದ್ರ ನೀವು ಫೋನ್ ಮಾಡೋದ ಬಿಡ್ತಿದ್ರಿ! ಬೈಯಾಕಾದ್ರೂ ದಿನಾ ಫೋನ್ ಮಾಡ್ತಿದ್ರಲ್ಲಾ!"

ನನಗೆ ಕೇಳಿತೋ ಇಲ್ಲವೋ ಎಂದು ಅವರು ಉಸಿರು ತುಂಬಿಕೊಂಡರು. ಗಿರಣಿಯ ನಾಕೂ ಕಲ್ಲು ಒಟ್ಟಿಗೆ ತಿರುಗುವಾಗ ಕೂಗುವ ದನಿ ತೆಗೆದರು. ಸರಿಯಾಗಿ ಆಗಲೇ ಕರೆಂಟ್ ಹೋಯಿತು. ಹಾಡು ನಿಂತಿತು. ಫ್ಯಾನು ನಿಂತಿತು. ಇಡೀ ಗುಂಡಾನೆಯ ಮನೆ ಉಸಿರು ಹಿಡಿದ ಹೊತ್ತಿನಲ್ಲಿ ಬೀಗರ ದನಿಯೊಂದೇ ಮೊಳಗಿತು:

"ನನ್ನ ಉಡಿಕಿ ಆಗ್ತೀರೇನ್ರಿ?"

ಉಡಿಕಿ ಎಂದರೆ ನಮ್ಮಲ್ಲಿ ಗಂಡನನ್ನು ಕಳಕೊಂಡವಳು ಮತ್ತೆ ಮದುವೆಯಾಗುವುದು. ಎಲ್ಲಮ್ಮನ ಗುಡ್ಡದ ಕಪಿಗಳಿಗೂ ಆ ಮಾತು ಕೇಳಿಸಿರಬೇಕು. ಮಂದಿ ಬಾಯಿ ತೆಗೆದು ನಿಂತರು. ಬೀಗರು ಮೀಸೆಯ ತುದಿವರೆಗೂ ಕೆಂಪಾಗಿ, ಟೀವಿಯ ಚೌಕಟ್ಟಿನಿಂದ ಎದ್ದು ಹೋಗಲು ನೋಡಿದರು. ಹೋಗಲು ಆಗಲಿಲ್ಲ. ಅವರ ಶಲ್ಯದ ಚುಂಗು ನನ್ನ ಮುಷ್ಟಿಯಲ್ಲಿತ್ತು. ನಾನು ಯಾವಾಗ ಹಿಡಿದೆನೋ!

"ಬಿಡ್ರಿ ಬೀಗತೇರ, ಮಂದಿ ನೋಡಾಕ ಹತ್ತಾರ."

"ನೋಡ್ಲಿ. ಟೀವ್ಯಾಗ ಕುಂತೇವಿ, ನೋಡ್ದ ಏನ್ ಮಾಡ್ತಾರ?"

ಮುಂದೆ ನಿಂತಿದ್ದ ಹೆಂಗಸರ ಗುಂಪಿನಿಂದ ಒಬ್ಬಾಕೆ ಕೂಗಿದಳು: "ಯವ್ವಾ, ಹಿಡಕೊಂಡ ಕುಂತ್ರ ಆತೇನು? ಹೆಸರ ಹೇಳ್ರಿ!"

"ಹೆಸರ ಹೇಳ್ರಿ, ಹೆಸರ ಹೇಳ್ರಿ!" ಎಂದು ಎಲ್ಲರೂ ಚಪ್ಪಾಳೆ ಹೊಡೆದರು.

ನಮ್ಮ ಕಡೆ ಹೆಣ್ಣುಮಗಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಒಡಪು ಕಟ್ಟಿ ಅದರಲ್ಲಿ ಹೇಳುತ್ತಾಳೆ. ಹೇಳಿದಳೆಂದರೆ ಒಪ್ಪಿದಳೆಂದೇ. ನನ್ನ ನಾಲಿಗೆ ಒಡಪು ಹೇಳಿ ಎಷ್ಟು ಕಾಲವಾಗಿತ್ತೋ. ಬೀಗರು ಈಗ ಓರೆಗಣ್ಣಿನಲ್ಲಿ ಅಲ್ಲ, ನೆಟ್ಟಗೆ ನೋಡುತ್ತಿದ್ದರು. ಆ ಕಣ್ಣಲ್ಲಿ ಜಗಳದ ಒಂದು ಹರಳೂ ಇರಲಿಲ್ಲ. ನಾನು ಸೆರಗು ಸರಿಮಾಡಿಕೊಂಡೆ.

"ಜ್ವಾಳದ ರೊಟ್ಟಿಗಿ ಜೋಡಾತು ಬದನಿಕಾಯಿ ಪಲ್ಯ,
ಜಗ್ಗಿ ಜಗಳಾಡಾಕ ಬೇಕು ದುಂಡಪ್ಪನೋರ ಶಲ್ಯ."

ಶಿಳ್ಳೆಯೇ ಶಿಳ್ಳೆ! ನಿಜಾಮಸಾಬರು ಫ್ಲಾಶ್ ಹೊಡೆದರು. ತಲೆ ಬಗಲಲ್ಲಿ ಇಟ್ಟುಕೊಂಡಿದ್ದ ಗುಂಡಾನೆಯೂ ಕುಣಿಯಿತು.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮಗಳಿಗೆ ಫೋನ್ ಮಾಡಿದೆ. ಬೀಗರು ಅಪ್ಪುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ನಿಂತರು.

"ಯವ್ವಾ, ಏನ್ ತೀರ್ಮಾನ ಆತು?" ಎಂದಳು ಮಗಳು.

"ಹುಡುಗೋರು ಅಜ್ಜನ ಹತ್ರಾನೂ ಇರ್ತಾರ, ನನ್ನ ಹತ್ರಾನೂ ಇರ್ತಾರ."

"ಅದ್ಹೆಂಗ? ರಾಮದುರ್ಗ ಎಲ್ಲಿ, ಬೈಲಹೊಂಗಲ ಎಲ್ಲಿ! ಮತ್ತ ಜಗಳಾ ಮಾಡೀರಿ ಹೌದಿಲ್ಲೋ? ನಾಳೇನ ಹಾಸ್ಟೆಲಿಗೆ..."

ನೂರು ಮಂದಿಯ ಮುಂದೆ ಹೇಳಿದ ಮಾತು ಹೆತ್ತ ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ನಾನು ತಡವರಿಸುವುದನ್ನು ನೋಡಿ ಉಮಾಶ್ರೀ ಫೋನ್ ಕಸಿದುಕೊಂಡಳು.

"ಅವ್ವಾ, ಆಯಿ ಅಜ್ಜನ ಹೆಸರ ಹೇಳಿದ್ಲು."

ಫೋನ್ ಮತ್ತೆ ನನ್ನ ಕಿವಿಗೆ ಬಂತು. ಮಗಳು ಬೈಯುತ್ತಾಳೆ, ಅಳುತ್ತಾಳೆ, ಮುಖ ನೋಡುವುದಿಲ್ಲ ಎನ್ನುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಮೂಗು ಏರಿಸಿದ ಸದ್ದು ಕೇಳಿತು. ಆಮೇಲೆ ಸಣ್ಣ ದನಿ.

"ಯವ್ವಾ... ಸೀರಿ ಯಾವ ಬಣ್ಣದ್ದ ತರ್ಲಿ? ಮಾವಾರನ್ನ ಕೇಳು."

"ಅವರನ್ನೇನ ಕೇಳ್ತಿ? ಸೀರಿ ಬಣ್ಣ ಆ ಮನಷ್ಯಾಗ ಏನ ತಿಳೀತೈತಿ?"

"ಹಸರು!" ಎಂದು ಬೂತಿನ ಗಾಜು ನಡುಗಿತು.