ನೂರ ಅರವತ್ತನಾಲ್ಕು ಅಡಿ

ಅಂತ್ಯಕ್ರಿಯೆಯ ಗದ್ದಲವೆಲ್ಲ ಮುಗಿದ ಮೇಲಿನ ಮೊದಲ ಸೋಮವಾರ. ಹೆಲ್ಮಿ ಎಂದಿನಂತೆ ಆರಕ್ಕೇ ಎದ್ದಳು.

ಅಡುಗೆಮನೆಯ ಮೇಜಿನ ಮೇಲೆ ಊರವರ ಪಾತ್ರೆಗಳು ಸಾಲಾಗಿದ್ದವು. ಸಾವಿನ ಮನೆಗೆ ಊಟ ತಂದವರು ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿದ್ದರು. ಒಟ್ಟು ಹದಿನಾಲ್ಕು. ತೊಳೆದಳು, ಒರೆಸಿದಳು, ಒಂದೊಂದಾಗಿ ಕಾರಿನಲ್ಲಿಟ್ಟಳು.

ಅಳು ಬರಲಿಲ್ಲ. ಒಂಬತ್ತು ದಿನವಾದರೂ ಬಂದಿರಲಿಲ್ಲ. ಅವಳ ಗಂಡ, ಮೂವತ್ತನಾಲ್ಕು ವರ್ಷದ ಓರೆನ್, ಶಾಲೆಯಲ್ಲಿ ಪಾಠ ಮಾಡುತ್ತಲೇ ಕುಸಿದಿದ್ದ. ಆ ಸುದ್ದಿ ಇನ್ನೂ ಯಾರದೋ ಮನೆಯದು ಎಂಬಂತಿತ್ತು.

ಕೊನೆಯ ಪಾತ್ರೆ ಒಯ್ಯುವಾಗ ಹಿಂಬಾಗಿಲ ಮೂಲೆಯಲ್ಲಿ ಏನೋ ಕಾಲಿಗೆ ತೊಡರಿತು.

ಅಳತೆಯ ಚಕ್ರ! ಉದ್ದನೆಯ ಹಿಡಿ, ತುದಿಗೊಂದು ಗಾಲಿ, ಗಾಲಿ ಉರುಳಿದಂತೆ ಟಿಕ್ ಟಿಕ್ ಎಂದು ಅಡಿ ಎಣಿಸುವ ಪುಟ್ಟ ಡಬ್ಬಿ. ಹಿಡಿಗೂ ಒಂದು ಟೇಪು: ‘ಪಾವ್ಲಿಚ್.’

ಆಗಸ್ಟಿನಲ್ಲಿ ಓರೆನ್ ಎರವಲು ತಂದದ್ದು. ಡಬ್ಬಿಯಲ್ಲಿ ಅವನು ಕೊನೆಗೆ ನಡೆದ ಅಳತೆ ಹಾಗೇ ನಿಂತಿತ್ತು. 3112.

ಅದೊಂದನ್ನು ಮಾತ್ರ ಹೆಲ್ಮಿ ಕಾರಿನಲ್ಲಿಡಲಿಲ್ಲ.

*

ಊರ ಕಚೇರಿಯಲ್ಲಿ ಸಾರ್ವಜನಿಕ ಯೋಜನೆಗಳೆಲ್ಲ ಹೆಲ್ಮಿಯ ಕೈಯಲ್ಲಿದ್ದವು. ಮಕ್ಕಳ ಆಟದ ಬಯಲು ಮುಗಿದಿತ್ತು. ಈಗ ಸರೋವರದ ದಂಡೆಯ ದಾರಿ. ದೋಣಿಕಟ್ಟೆಯಿಂದ ದೀಪಸ್ತಂಭದವರೆಗೆ, ಗಾಲಿಕುರ್ಚಿಯೂ ಉರುಳಬಲ್ಲ ಸಮದಾರಿ. ಒಂದು ಭಾನುವಾರ ಓರೆನ್ ಅದನ್ನು ಅಳೆದುಕೊಟ್ಟಿದ್ದ. ಅದೇ ಅಳತೆಯನ್ನು ಅವಳು ರಾಜ್ಯಕ್ಕೆ ಕಳಿಸಿದ ಅರ್ಜಿಯಲ್ಲಿ ಬರೆದಿದ್ದಳು.

ಹತ್ತು ಗಂಟೆಗೆ ಅವಳ ಮೇಜಿನೆದುರು ಒಬ್ಬ ಬಂದು ನಿಂತ. ಎತ್ತರದ ಆಳು, ಕೈಯಲ್ಲಿ ಟೋಪಿ, ಬೂಟಿನ ತುಂಬ ಕೆಸರು.

"ನಾನು ಆಂಟನ್ ಪಾವ್ಲಿಚ್. ರಸ್ತೆ ಕೆಲಸದ ಹೊಸ ಮೇಸ್ತ್ರಿ. ಬರಬಾರದ ದಿನ ಬಂದಿದೀನಿ, ಗೊತ್ತು…"

ಪಾವ್ಲಿಚ್! ಚಕ್ರದ ಹಿಡಿಯ ಮೇಲಿದ್ದ ಹೆಸರು.

"ಚಕ್ರ ಕೇಳೋಕೆ ಬಂದ್ರಾ?"

"ಅಲ್ಲ… ದಾರಿ ಅಳತೆ ವಿಷಯ. ರಾಜ್ಯದವರ ನಕ್ಷೆ ಬಂದಿದೆ. ಅದರಲ್ಲಿ ಎರಡು ಸಾವಿರದ ಒಂಬೈನೂರ ನಲವತ್ತೆಂಟು ಅಡಿ. ನಮ್ಮ ಅರ್ಜೀಲಿ ಮೂರು ಸಾವಿರದ ನೂರ ಹನ್ನೆರಡು. ನೂರ ಅರವತ್ತನಾಲ್ಕು ಅಡಿ ಜಾಸ್ತಿ."

"ಅಂದ್ರೆ?"

"ಅಳೆಯೋವಾಗ ಎಲ್ಲೋ ತಪ್ಪಾಗಿದೆ."

ಅವನು ಮೇಜಿನ ಮೇಲೆ ಒಂದು ತಿದ್ದುಪಡಿಯ ಫಾರಂ ಇಟ್ಟ. ಮುಂದಿನ ಆಗಸ್ಟ್ ಮುಗಿಯುವುದರೊಳಗೆ ಅವಳು ಸಹಿ ಹಾಕಿ ಕಳಿಸದಿದ್ದರೆ ದಾರಿಯ ಅನುಮತಿ ರದ್ದು. ಫಾರಮಿನ ನಡುವೆ ಎರಡು ಖಾಲಿ ಸಾಲು. ‘ಅಳೆದವರ ಹೆಸರು. ತಪ್ಪಿಗೆ ಕಾರಣ.’

ಹೆಲ್ಮಿ ಆ ಸಾಲುಗಳನ್ನೇ ನೋಡಿದಳು.

"ನನ್ನ ಗಂಡ ಹೋಗಿ ಒಂಬತ್ತು ದಿನ ಆಗಿದೆ ಪಾವ್ಲಿಚ್ ಅವರೇ. ಅವನ ಹೆಸರು ಬರೆದು ಪಕ್ಕದಲ್ಲಿ ತಪ್ಪು ಅಂತ ಬರೀಬೇಕಾ ನಾನು?"

"ನಾನು ಹಾಗೆ…"

"ಬರೆಯಲ್ಲ! ನಿಮ್ಮ ಚಕ್ರಾನೂ ಕೊಡಲ್ಲ!"

ಕಚೇರಿಯೆಲ್ಲ ತಿರುಗಿ ನೋಡಿತು. ಅವನು ಮಾತ್ರ ಸಿಟ್ಟಾಗಲಿಲ್ಲ.

"ನಾನು ಚಕ್ರ ಕೇಳಲಿಲ್ಲ, ಹೆಲ್ಮಿಯವರೇ" ಎಂದು ಮೆಲ್ಲಗೆ ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದ.

*

ಹಿಮ ಬಿತ್ತು. ಫಾರಂ ಮೇಜಿನ ಖಾನೆ ಸೇರಿತು. ಮೇ ತಿಂಗಳಲ್ಲಿ ಹಿಮ ಕರಗಿ ದಂಡೆಯ ಕಲ್ಲುಗಳು ಕಂಡವು. ಫಾರಂ ಖಾನೆಯಲ್ಲೇ ಇತ್ತು.

ಕಚೇರಿಯ ಗುಮಾಸ್ತೆ ಬರ್ನೀಸ್ ಒಂದು ದಿನ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತಳು. ಅರವತ್ತು ದಾಟಿದ, ಬಾಯಿಗೆ ಬೀಗವಿಲ್ಲದ ಹೆಂಗಸು.

"ನಮ್ಮ ಗಸ್ ಕೇಳ್ತಿದ್ದ ಮಗಳೇ, ದಾರಿ ಯಾವಾಗ ಆಗುತ್ತೆ ಅಂತ. ಮೀನು ಹಿಡಿದೇ ಬದುಕಿದ ಮನುಷ್ಯ. ಆ ಗಾಲಿಕುರ್ಚಿಗೆ ಬಿದ್ದು ಆರು ವರ್ಷ ಆಯ್ತು. ದೀಪಸ್ತಂಭದ ಹತ್ರ ಕೂತು ನೀರು ನೋಡ್ಬೇಕಂತೆ."

"ಆಗುತ್ತೆ ಬರ್ನೀಸ್…"

"ಒಂದು ಸಹಿಗೆ ನಿಂತಿದೆ ಅಂತ ಊರೆಲ್ಲ ಮಾತಾಡ್ತಿದೆ ಕಣೇ."

ಹೆಲ್ಮಿ ಕಿಟಕಿಯತ್ತ ತಿರುಗಿದಳು. ದೂರದ ದಂಡೆಯಲ್ಲಿ ಆಂಟನ್. ಕೈಯಲ್ಲಿ ಹಗ್ಗ. ದಾರಿ ಬಿಟ್ಟು ಕಾಡಿನೊಳಗೆ ಹೋಗುತ್ತಿದ್ದ, ಹಿಂದೆ ಬರುತ್ತಿದ್ದ, ನಾಲ್ಕು ಹೆಜ್ಜೆ ಸರಿದು ಮತ್ತೆ ಹೋಗುತ್ತಿದ್ದ.

"ಇವನು ದಿನಾ ಅಲ್ಲೇನು ಮಾಡ್ತಾನೆ?"

"ಹಣ್ಣಿನ ಜಾಗ ಹುಡುಕ್ತಾನೇನೋ! ಕಾಡುಹಣ್ಣಿನ ಜಾಗದ ಬಗ್ಗೆ ಈ ಊರಲ್ಲಿ ಯಾರೂ ಬಾಯಿ ಬಿಡಲ್ಲ, ಹೊರಗಿನವನಿಗೆ ಯಾರು ತೋರಿಸ್ತಾರೆ? ನಲವತ್ತು ವರ್ಷ ಸಂಸಾರ ಮಾಡಿದೀನಿ, ಗಸ್ ತನ್ನ ಥಿಂಬಲ್‌ಬೆರಿ ಪೊದೆ ಎಲ್ಲಿದೆ ಅಂತ ನನಗೇ ಹೇಳಿಲ್ಲ. ಸಾಯೋವಾಗ ಹೇಳ್ತಾನಂ…"

ಬರ್ನೀಸ್ ನಾಲಿಗೆ ಕಚ್ಚಿಕೊಂಡಳು.

"ಪರವಾಗಿಲ್ಲ" ಎಂದಳು ಹೆಲ್ಮಿ. ಆದರೆ ಕಣ್ಣು ಕಿಟಕಿಯಿಂದ ಕೀಳಲಿಲ್ಲ.

‘ಹಣ್ಣೂ ಅಲ್ಲ, ಏನೂ ಅಲ್ಲ. ಓರೆನ್ ತಪ್ಪಿಗೆ ಸಾಕ್ಷಿ ಹುಡುಕ್ತಿದಾನೆ!’

*

ಆಗಸ್ಟಿನ ಮೊದಲ ವಾರ ಅವಳಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಕಚೇರಿಗೂ ಹೋಗದೆ ನೇರ ದಂಡೆಗೆ ಇಳಿದಳು. ಸರೋವರದಿಂದ ಎದ್ದ ಮಂಜು ಮರಗಳ ಸೊಂಟಕ್ಕೆ ಸುತ್ತಿಕೊಂಡಿತ್ತು.

"ಸತ್ತವನನ್ನ ಇನ್ನೆಷ್ಟು ದಿನ ಅಳೀತೀರಿ?"

ಆಂಟನ್ ಬೆಚ್ಚಿ ತಿರುಗಿದ.

"ತಪ್ಪು ಹುಡುಕ್ತಿಲ್ಲ ಹೆಲ್ಮಿಯವರೇ. ಆ ಅಡಿಗಳು ಎಲ್ಲಿ ಹೋದ್ವು ಅಂತ ಹುಡುಕ್ತಿದೀನಿ."

"ಅಂದ್ರೆ?"

"ಚಕ್ರ ಸುಳ್ಳು ಹೇಳಲ್ಲ. ನಿಮ್ಮ ಯಜಮಾನ್ರು ಅಷ್ಟೂ ಅಡಿ ನಡೆದಿದಾರೆ. ದಾರೀಲಿ ಅಲ್ಲ, ಬೇರೆ ಎಲ್ಲೋ. ಚಕ್ರ ಎತ್ತೋದು ಮರೆತು ಪಕ್ಕಕ್ಕೆ ಹೋಗಿ ಬಂದಿದಾರೆ. ಹೋಗೋಕೆ ಎಂಬತ್ತೆರಡು, ಬರೋಕೆ ಎಂಬತ್ತೆರಡು."

ಅವನು ಹಗ್ಗ ತೋರಿಸಿದ. ಎಂಬತ್ತೆರಡು ಅಡಿಯ ಹಗ್ಗ!

"ಫಾರಮಲ್ಲಿ ಕಾರಣ ಬರೀಬೇಕಲ್ಲ… ನಿಜವಾದ ಕಾರಣ ಸಿಕ್ಕಿದ್ರೆ ನಿಮಗೆ ಬರೆಯೋಕೆ ಸುಲಭ ಆಗಬಹುದು ಅಂತ."

ಹೆಲ್ಮಿ ಹಗ್ಗವನ್ನು ಮುಟ್ಟಿ ನೋಡಿದಳು. ಹಿಮ ಕರಗಿದಾಗಿನಿಂದ ಈ ಮನುಷ್ಯ…

"ಹಗ್ಗದ ಆ ತುದಿ ಯಾರು ಹಿಡೀತಾರೆ?"

"ಮರಕ್ಕೆ ಕಟ್ತೀನಿ."

"ಕೊಡಿ ಇಲ್ಲಿ" ಎಂದಳು.

ಮರುದಿನವೂ ಬಂದಳು. ಅದರ ಮರುದಿನವೂ. ಅವಳು ದಾರಿಯ ಮೇಲೆ ಒಂದು ತುದಿ ಹಿಡಿದು ನಿಲ್ಲುವುದು, ಅವನು ಇನ್ನೊಂದು ತುದಿ ಹಿಡಿದು ಮಂಜಿನಲ್ಲಿ ಕರಗಿಹೋಗುವುದು. ಎರಡು ಸಲ ಜಗ್ಗಿದರೆ ಏನೂ ಸಿಗಲಿಲ್ಲ ಎಂದು. ಒಂದೇ ಸಲ, ಉದ್ದಕ್ಕೆ ಎಳೆದರೆ ಬಾ ಎಂದು.

ದಿನವೂ ಎರಡು ಜಗ್ಗು. ಆಮೇಲೆ ಮಂಜಿನೊಳಗಿಂದ ಮೊದಲು ಟೋಪಿ, ನಂತರ ಹೆಗಲು, ನಂತರ ನಗು. ಕಲ್ಲಿನ ಮೇಲೆ ಕೂತು ಅವನು ತಂದ ಆಲೂಗಡ್ಡೆ, ಮಾಂಸ ತುಂಬಿದ ಬಿಸಿ ಪ್ಯಾಸ್ಟಿಯನ್ನು ಅರ್ಧರ್ಧ ಮುರಿದುಕೊಂಡು ತಿನ್ನುವುದು.

"ಗಜ್ಜರಿ ಹಾಕಿದೀರಾ ಇದಕ್ಕೆ?" ಒಂದು ದಿನ ಅವಳು ಮುಖ ಕಿವುಚಿದಳು. "ಇದು ನಮ್ಮೂರಲ್ಲಿ ಅಪರಾಧ!"

"ನಮ್ಮಮ್ಮ ಹಾಕ್ತಿದ್ರು."

"ಅವರ ಮೇಲೂ ಒಂದು ಫಾರಂ ತುಂಬ್ತೀನಿ!"

ಹೇಳಿದ ಮೇಲೆ ತಾನು ನಗುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಹತ್ತು ತಿಂಗಳಲ್ಲಿ ಮೊದಲ ಸಲ.

‘ಹಗ್ಗದ ಆಚೆ ತುದಿಯಲ್ಲಿರೋನಿಗಾಗಿ ನಾನು ಇಷ್ಟು ಬೇಗ ಏಳ್ತಿದೀನಾ?… ಛೆ!’

ಆ ದಿನ ಪ್ಯಾಸ್ಟಿ ಪೂರ್ತಿ ತಿನ್ನಲಾಗಲಿಲ್ಲ.

*

ಹತ್ತನೆಯ ಬೆಳಿಗ್ಗೆ ಅವಳು ಹೇಳಿದಳು, "ಇವತ್ತು ಕಾಡಿನ ಕಡೆ ನಾನು ಹೋಗ್ತೀನಿ."

ಅವನು ಸುಮ್ಮನೆ ತುದಿ ಬದಲಿಸಿಕೊಟ್ಟ.

ಮಂಜಿನೊಳಗೆ ಬಿಳಿಯ ಬರ್ಚ್ ಮರಗಳು ಒಂದೊಂದಾಗಿ ಎದುರಾದವು. ಅಲೆಯ ಸದ್ದು ಹಿಂದೆ ಉಳಿಯಿತು. ಒಂದು ದೊಡ್ಡ ಬಂಡೆ. ಬಂಡೆ ಬಳಸಿ ನಾಲ್ಕು ಹೆಜ್ಜೆ ಇಟ್ಟಾಗ ಹಗ್ಗ ಬಿಗಿಯಿತು.

ಅವಳು ನಿಂತಳು.

ಸೊಂಟದೆತ್ತರದ ಪೊದೆಗಳು. ಅಂಗೈಯಗಲದ ಎಲೆಗಳ ನಡುವೆ ಇಬ್ಬನಿ ಹೊತ್ತ ಕೆಂಪು ಹಣ್ಣುಗಳು… ನೂರಾರು!

ಆ ಭಾನುವಾರ ನೆನಪಾಯಿತು. ಓರೆನ್ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಟೋಪಿಯ ತುಂಬ ಥಿಂಬಲ್‌ಬೆರಿ. ಟೋಪಿಯೆಲ್ಲ ಕೆಂಪು.

"ಎಲ್ಲಿ ಸಿಕ್ತೋ?" ಎಂದು ಕೇಳಿದ್ದಳು.

"ಹೆಂಡತಿಗೂ ಹೇಳಲ್ಲ ಕಣೇ! ತಿನ್ನು ಸುಮ್ನೆ."

ಚಕ್ರ ಎತ್ತುವುದನ್ನು ಮರೆತಿದ್ದ. ಇವಳಿಗೆ ಹಣ್ಣು ಕೀಳುವ ಆತುರದಲ್ಲಿ!

ಹೆಲ್ಮಿ ಒಂದು ಹಣ್ಣು ಕಿತ್ತು ಬಾಯಿಗಿಟ್ಟಳು. ಹುಳಿ, ಅದರ ಹಿಂದೆಯೇ ಸಿಹಿ. ಆಗ ಬಂತು. ಎಲ್ಲೋ ಸಿಕ್ಕಿಹಾಕಿಕೊಂಡಿದ್ದ ಅಳು. ಅವಳು ಪೊದೆಯ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಹೆಲ್ಮಿಯವರೇ?" ಮಂಜಿನಾಚೆಯಿಂದ ದನಿ. "ಏನಾಯ್ತು?"

"ಸಿಕ್ತು…" ಎಂದಳು. "ಅವನ ಹಣ್ಣಿನ ಜಾಗ."

ಕಲ್ಲಿನ ಮೇಲೆ ಬೂಟು ತಿರುಗಿದ ಸದ್ದು.

"ಹಾಗಾದ್ರೆ ನಾನು ಸರೋವರದ ಕಡೆ ತಿರುಗಿ ನಿಂತಿದೀನಿ. ಏನೂ ನೋಡಿಲ್ಲ. ಎಷ್ಟು ಹೊತ್ತಾದ್ರೂ ಆಗಲಿ. ಆ ಜಾಗ ನಿಮ್ಮದು."

ಅವಳು ಅತ್ತಳು. ಸೆರಗಿಲ್ಲದ ನಾಡಿನಲ್ಲಿ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡಳು. ಹಗ್ಗ ಇನ್ನೂ ಕೈಯಲ್ಲಿತ್ತು. ಆಚೆ ತುದಿ ಅಲುಗಲಿಲ್ಲ, ಸಡಿಲವೂ ಆಗಲಿಲ್ಲ.

ಹೆಲ್ಮಿ ಹಗ್ಗವನ್ನು ಎಳೆದಳು.

ಒಂದೇ ಸಲ. ಉದ್ದಕ್ಕೆ.

ಬಹಳ ಹೊತ್ತಿನ ಮೇಲೆ ಒಣಗಿದೆಲೆಗಳ ಮೇಲೆ ಹೆಜ್ಜೆಗಳು ಕೇಳಿಸಿದವು. ಬಂಡೆಯ ಪಕ್ಕ ಬಂದು ನಿಂತವನು ಪೊದೆಯನ್ನು ನೋಡಲಿಲ್ಲ, ಅವಳನ್ನೇ ನೋಡಿದ.

"ಸರಿಯಾಗಿ ಯೋಚಿಸಿ ಎಳೆದ್ರಾ?"

ಅವಳು ತಲೆಯಾಡಿಸಿ, ಅವನ ಅಂಗೈಯಲ್ಲಿ ಒಂದು ಹಣ್ಣಿಟ್ಟಳು.

*

ಅದೇ ದಿನ ಫಾರಂ ಖಾನೆಯಿಂದ ಹೊರಬಂತು. ಬರ್ನೀಸ್ ಅವಳ ಹೆಗಲ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದಳು.

"‘ಅಳೆದವರು: ಓರೆನ್ ಲೆಹ್ಟೊ. ತಪ್ಪಿಗೆ ಕಾರಣ: ಹೆಂಡತಿಗೆ ಹಣ್ಣು ಕೀಳಲು ಹೋದಾಗ ಚಕ್ರ ಎತ್ತಲು ಮರೆತರು.’ ಅಯ್ಯೋ ದೇವರೇ! ಎಲ್ಲಿ ಅಂತ ಬರೀಲಿಲ್ಲ ತಾನೇ?"

"ನನಗೇನು ಹುಚ್ಚಾ?"

ಬರ್ನೀಸ್ ನಕ್ಕಳು, ಕಣ್ಣೊರೆಸಿಕೊಂಡಳು, ಗಸ್‌ಗೆ ಫೋನ್ ಮಾಡಲು ಓಡಿದಳು.

ಸೋಮವಾರ ಬೆಳಿಗ್ಗೆ ಹೆಲ್ಮಿ ಚಕ್ರವನ್ನು ಕಾರಿನಲ್ಲಿಟ್ಟುಕೊಂಡು ರಸ್ತೆ ಇಲಾಖೆಯ ಶೆಡ್ಡಿಗೆ ಹೋದಳು. ಆಂಟನ್ ಜಲ್ಲಿಯ ರಾಶಿಯ ಪಕ್ಕ ನಿಂತಿದ್ದ. ಅವಳ ಕೈಯಲ್ಲಿದ್ದುದನ್ನು ಕಂಡು ಮುಂದೆ ಬಂದವನು ಅರ್ಧಕ್ಕೇ ನಿಂತ.

"ನಾನು ಕೇಳಲಿಲ್ಲ…"

"ಗೊತ್ತು. ಓರೆನ್ ಎರವಲು ತಂದದ್ದನ್ನ ಇಟ್ಕೊಳ್ಳೋ ಜನ ಅಲ್ಲ."

ಡಬ್ಬಿಯ ಬದಿಯಲ್ಲಿ ಒಂದು ಗುಂಡಿ. ಒತ್ತಿದರೆ ಸೊನ್ನೆ. ಅವಳು ಬೆರಳನ್ನು ಅದರ ಮೇಲಿಟ್ಟಳು.

"ಸೊನ್ನೆ ಮಾಡಿ ಕೊಡಬೇಕಲ್ವಾ? ಇಲ್ಲಾಂದ್ರೆ ನೀವು ಅಳೆಯೋದು ಹೇಗೆ?"

ಆಂಟನ್ ಅವಳ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಬೇಡ. ಅಲ್ಲಿಂದಲೇ ಮುಂದಕ್ಕೆ ಅಳೀತೀನಿ. ಕಳೆಯೋ ಲೆಕ್ಕ ನನಗೆ ಬರುತ್ತೆ."

"ಪ್ರತಿ ಸಲ?"

"ಪ್ರತಿ ಸಲ."

ಅವಳು ಮತ್ತೆ ಆ ಗುಂಡಿಯನ್ನು ಮುಟ್ಟಲಿಲ್ಲ.

"ಆಂಟನ್… ನಾಳೆ ಬೆಳಿಗ್ಗೆ ಹಗ್ಗ ತರ್ತೀಯಾ?"

ಆ ‘ತರ್ತೀಯಾ’ ಅವನ ಮುಖದಲ್ಲಿ ಬೆಳಕಾಯಿತು.

"ಇನ್ನೇನು ಹುಡುಕೋದಿದೆ?"

"ಏನೂ ಇಲ್ಲ. ಒಂದು ತುದಿ ನೀನು ಹಿಡ್ಕೋ… ಸಾಕು."

"ಗಜ್ಜರಿ ಬಿಟ್ಟು ಪ್ಯಾಸ್ಟಿ ಮಾಡ್ತೀನಿ."

"ಇರಲಿ ಬಿಡು. ಹಾಕು."

ಅವಳು ಹಿಡಿಯನ್ನು ಅವನ ಕೈಗೆ ಕೊಟ್ಟಳು. ಗಾಲಿ ನೆಲ ಮುಟ್ಟಿ, ಅವಳ ಕಡೆಯಿಂದ ಅವನ ಕಡೆಗೆ ಒಂದಿಷ್ಟು ಉರುಳಿತು.

ಟಿಕ್.

3113.