ಗಾಜಿನ ಆಚೆಯ ಮುಳ್ಳು

"ಮುಳ್ಳು ಎಷ್ಟಿದೆ?" ಚಿಕ್ಕಪ್ಪ ಕಿರುಚಿದ.

"ಎರಡೂವರೆ!" ಆಂಡಾಳು ಅದಕ್ಕಿಂತ ಜೋರಾಗಿ ಕಿರುಚಿದಳು.

ಕಿರುಚದೆ ಬೇರೆ ದಾರಿಯಿರಲಿಲ್ಲ. ಚಿಕ್ಕಪ್ಪ ಕಸ್ತೂರಿರಂಗನ ರೇಸ್ ಕಾರಿಗೆ ಬಾಗಿಲಿಲ್ಲ, ಟಾಪಿಲ್ಲ, ಸೈಲೆನ್ಸರಂತೂ ಇಲ್ಲವೇ ಇಲ್ಲ. ಮದ್ದೂರಿನಲ್ಲಿ ಸ್ಟಾರ್ಟ್ ಮಾಡಿದರೆ ಗೆಜ್ಜಲಗೆರೆಯ ಎಮ್ಮೆಗಳು ಹಗ್ಗ ಕಿತ್ತುಕೊಳ್ಳುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕಾರು ಈಗ ಮಳವಳ್ಳಿ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ಮುಂದಿನ ಭಾನುವಾರ ಮೈಸೂರಿನಲ್ಲಿ ರೇಸು.

ಪೆಟ್ರೋಲ್ ಟ್ಯಾಂಕು ಕಾರಿನ ಹಿಂದುಗಡೆ, ತಗ್ಗಿನಲ್ಲಿತ್ತು. ಕೈಪಂಪಿನಿಂದ ಟ್ಯಾಂಕಿಗೆ ಗಾಳಿ ಒತ್ತಿದರೆ ಮಾತ್ರ ಪೆಟ್ರೋಲು ಇಂಜಿನ್ನಿಗೆ ಏರುತ್ತಿತ್ತು. ಒತ್ತಡ ಎಷ್ಟಿದೆ ಎಂದು ತೋರಿಸಲು ಆಂಡಾಳುವಿನ ಮೂಗಿನ ಮುಂದೆಯೇ ಒಂದು ಗುಂಡನೆಯ ಮೀಟರು. ಮುಳ್ಳು ಎರಡಕ್ಕಿಂತ ಇಳಿದರೆ ಪಂಪು ಒತ್ತಬೇಕು, ಮೂರು ದಾಟಿದರೆ ನಿಲ್ಲಿಸಬೇಕು. ಅದು ಅವಳ ಕೆಲಸ. ನಾಲ್ಕನೇ ಕ್ಲಾಸಿನ ಹುಡುಗಿಗೆ ಇದಕ್ಕಿಂತ ದೊಡ್ಡ ಕೆಲಸ ಇನ್ನಾವುದಿದೆ? ಸ್ಕೂಲಿನಲ್ಲಿ ಅವಳ ಜಂಬ ನೋಡಲಾಗುತ್ತಿರಲಿಲ್ಲ.

ಆ ಮೀಟರನ್ನು ಕಂಡರೆ ಮೆಕ್ಯಾನಿಕ್ ಶಿವಣ್ಣನಿಗೆ ಮಾತ್ರ ಆಗುತ್ತಿರಲಿಲ್ಲ.

"ಪೆಟ್ರೋಲ್ನೇ ಪೈಪಲ್ಲಿ ಒಳೀಕ್ ತಂದ್ಬುಟ್ಟಿದ್ದೀರಲ್ಲ ಅಯ್ನೋರೆ? ಕಿತ್ಕಂಡ್ರೆ ಮಗೀನ ಮಡ್ಲಿಗೇ ಬೀಳ್ತದೆ. ಮೀಟ್ರು ಆಚ್ಗೆ ಮಡಗನ ಬುಡಿ" ಎಂದು ಮೊದಲ ದಿನವೇ ಹೇಳಿದ್ದ.

"ಆಚೆ ಇಟ್ರೆ ಒಳಗೆ ಕೂತೋರಿಗೆ ಕಾಣೋದು ಹೇಗಯ್ಯ?" ಎಂದು ಚಿಕ್ಕಪ್ಪ ನಕ್ಕುಬಿಟ್ಟಿದ್ದ.

ಅಜ್ಜಿ ಪಂಕಜಮ್ಮನವರು ನಕ್ಕಿರಲಿಲ್ಲ. "ಒಂದು ತೊಟ್ಟು ಪೆಟ್ರೋಲು ಸೋರಿದರೂ ನನ್ನ ಮೊಮ್ಮಗಳು ಅದರಲ್ಲಿ ಕೂರಕೂಡದು" ಎಂದಿದ್ದರು.

ಆ ತೊಟ್ಟು ಆಂಡಾಳುವಿಗೆ ಕಂಡದ್ದು ನಿನ್ನೆ ಸಂಜೆ. ಮೀಟರಿನ ಹಿಂದೆ, ಪೈಪು ಸೇರುವ ನಟ್ಟಿನ ಬಳಿ, ಸಾಸಿವೆಯಷ್ಟು ಸಣ್ಣ ಹನಿ. ಹೇಳಿದರೆ ಸೀಟು ಹೋಯಿತು. ಅವಳು ಹೇಳಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿ ಕಡ್ಡಿಗೆ ಸುತ್ತಿಟ್ಟಿದ್ದ ಹಲಸಿನ ಮೇಣವಿತ್ತು. ಬಿರುಕು ಬಿಟ್ಟ ಮಡಕೆ, ತೂತಾದ ಬಿಂದಿಗೆ, ಮನೆಯಲ್ಲಿ ಏನು ಸೋರಿದರೂ ಅದೇ ಔಷಧಿ. ಚೂರು ಬಿಸಿ ಮಾಡಿ ನಟ್ಟಿನ ಸುತ್ತ ಮೆತ್ತಿದಳು. ಹನಿ ನಿಂತಿತು. ಆಂಡಾಳು ಹಾಯಾಗಿ ನಿದ್ದೆ ಮಾಡಿದಳು.

"ಮುಳ್ಳು?" ಚಿಕ್ಕಪ್ಪ ಮತ್ತೆ ಕೂಗಿದ.

"ಎರಡು... ಒಂದೂವರೆ!"

"ಒತ್ತು!"

ಅವಳು ಪಂಪು ಒತ್ತಿದಳು. ಮುಳ್ಳು ಇನ್ನೂ ಇಳಿಯಿತು. ಇನ್ನಷ್ಟು ಜೋರಾಗಿ ಒತ್ತಿದಳು.

ಚಿರ್ ಎಂದು ಮೀಟರಿನ ಹಿಂದಿನಿಂದ ಪೆಟ್ರೋಲು ಚಿಮ್ಮಿತು. ಚಿಕ್ಕಪ್ಪನ ಪ್ಯಾಂಟು ತೊಪ್ಪೆಯಾಯಿತು. ಅವನು ಬ್ರೇಕು ಒತ್ತಿ, ಇಂಜಿನ್ ಆರಿಸಿ, ಆಂಡಾಳುವನ್ನು ಒಂದೇ ಕೈಯಲ್ಲಿ ಎತ್ತಿ ರಸ್ತೆಯ ಆಚೆ ಇಳಿಸಿದ. ಕಾರಿನಿಂದ ಪೆಟ್ರೋಲು ಧೂಳಿಗೆ ಸುರಿದು ಇಳಿಜಾರಿನಲ್ಲಿ ಗೆರೆಯಾಗಿ ಹರಿಯುತ್ತಿತ್ತು.

ಎದುರಿಗೆ ಕಬ್ಬಿನ ಗಾಡಿಯೊಂದು ಬಂದು ನಿಂತಿತು. ಗಾಡಿ ಹೊಡೆಯುತ್ತಿದ್ದ ನಿಂಗಯ್ಯ ಕೆಳಗಿಳಿದು ಹತ್ತಿರ ಬಂದ. "ಏನಾಯ್ತ್ ಬುದ್ಧೀ? ನೂಕ್ಬೇಕಾ?"

ಅವನ ಬಾಯಲ್ಲಿ ಬೀಡಿ ಉರಿಯುತ್ತಿತ್ತು.

"ಬೀಡಿ! ಬೀಡಿ!" ಚಿಕ್ಕಪ್ಪ ಅರಚಿದ. ನಿಂಗಯ್ಯ ಗಾಬರಿಬಿದ್ದು ಬೀಡಿಯನ್ನು ಅಲ್ಲೇ ಎಸೆದ.

ಭಗ್! ಧೂಳಿನ ಗೆರೆಗೆ ಬೆಂಕಿ ಹತ್ತಿತು. ನೆಲದ ಮೇಲೆ ನೀಲಿ ಉರಿ ಕಾರಿನ ಕಡೆ ಓಡಿತು. ಚಿಕ್ಕಪ್ಪ ಮಣ್ಣು ಎರಚಲು ಬಗ್ಗಿದ.

"ನೀವ್ ಬರ್ಬ್ಯಾಡಿ, ಬಟ್ಟೆ ಹತ್ಕತದೆ!" ಎಂದು ನಿಂಗಯ್ಯ ಅವನನ್ನು ಪಕ್ಕದ ನಾಲೆಗೇ ತಳ್ಳಿಬಿಟ್ಟ. ಆಮೇಲೆ ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಎರಚಿದ. ಉರಿ ಕಾರಿನಿಂದ ಒಂದು ಮೊಳ ದೂರದಲ್ಲಿ ಆರಿತು.

ಆಂಡಾಳು ಬಾಯಿ ತೆರೆದೇ ನಿಂತಿದ್ದಳು. ಹಲಸಿನ ಹಣ್ಣು ಬಿಡಿಸಿದಾಗ ಕೈಗೆ ಅಂಟಿದ ಮೇಣವನ್ನು ಅಜ್ಜಿ ಸೀಮೆಎಣ್ಣೆ ಹಚ್ಚಿ ಕರಗಿಸುವುದನ್ನು ಅವಳು ಪ್ರತಿ ಬೇಸಿಗೆ ನೋಡಿದ್ದಳು. ಪೆಟ್ರೋಲು ಸೀಮೆಎಣ್ಣೆಯ ಅಣ್ಣನಲ್ಲವೇ? ಇಷ್ಟು ಗೊತ್ತಿದ್ದೂ ಹೊಳೆದಿರಲಿಲ್ಲ. ನಾಲೆಯಿಂದ ಎದ್ದು ಬಂದ ಚಿಕ್ಕಪ್ಪ ಏನೋ ಕೇಳಿದ. ಅವಳಿಗೆ ಅದು ಕೇಳಿಸಲಿಲ್ಲ.

ನಿಂಗಯ್ಯನ ಎತ್ತುಗಳು ಕಾರನ್ನು ಮನೆಗೆ ಎಳೆದು ತಂದವು. ಶಿವಣ್ಣ ಓಡಿ ಬಂದ. ಚಿಕ್ಕಪ್ಪ ಮೀಟರಿನ ಹಿಂದೆ ಕೈಯಾಡಿಸಿದ. ಬೆರಳಿಗೆ ಕಪ್ಪಗೆ ಏನೋ ಅಂಟಿತು.

"ಏನಯ್ಯ ಇದು? ಸ್ಪ್ಯಾನರ್ ಹಾಕೋ ಕಡೆ ಮೇಣ ಮೆತ್ತಿದ್ದೀಯ?"

"ನಾನಲ್ಲ ಅಯ್ನೋರೆ, ದೇವ್ರಾಣೆಗೂ ಅಲ್ಲ."

"ಈ ನಟ್ಟು ಮುಟ್ಟೋನು ನೀನೊಬ್ಬನೇ. ಮಗು ಸುಟ್ಟುಹೋಗ್ತಿತ್ತಲ್ಲಯ್ಯ! ನಾಳೆಯಿಂದ ಬರಬೇಡ, ಹೋಗು."

ಶಿವಣ್ಣ ಬಗ್ಗಿ ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ.

"ನಾನು" ಎಂದಳು ಆಂಡಾಳು.

ಯಾರಿಗೂ ಕೇಳಿಸಲಿಲ್ಲ.

"ಚಿಕ್ಕಪ್ಪಾ, ಮೇಣ ಇಟ್ಟಿದ್ದು ನಾನು! ಹನಿ ಕಾಣಿಸ್ತು. ಹೇಳಿದ್ರೆ ಅಜ್ಜಿ ಕೂರಿಸಲ್ಲ ಅಂತ..." ಅಲ್ಲಿಗೆ ಅಳು ಬಂದುಬಿಟ್ಟಿತು.

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ. ಕಾರಿನ ಒಳಕ್ಕೆ ಬಂದಿದ್ದ ಆ ತೆಳು ತಾಮ್ರದ ಪೈಪನ್ನೇ ಬಹಳ ಹೊತ್ತು ನೋಡಿದ.

"ಮೇಣ ಇಟ್ಟೋಳು ನೀನು. ಪೆಟ್ರೋಲನ್ನ ನಿನ್ನ ಮುಂದೆ ತಂದಿಟ್ಟೋನು ನಾನು" ಎಂದ. ಆಮೇಲೆ ಶಿವಣ್ಣನ ಕೈಯಿಂದ ಚೀಲ ತೆಗೆದುಕೊಂಡ. "ತಪ್ಪಾಯ್ತು ಕಣಯ್ಯ. ಎಲ್ಲಿಡಬೇಕು ಮೀಟರು, ನೀನೇ ಹೇಳು."

ಶಿವಣ್ಣ ಮುಂದಿನ ಗಾಜಿನ ಆಚೆ, ಬಾನೆಟ್ಟಿನ ಮೇಲೆ ಬೆರಳಿಟ್ಟ. "ಇಲ್ಲಿ. ಮುಖ ನಮ್ ಕಡೀಕೇ ಇರ್ತದೆ, ಗಾಜ್ನಲ್ಲೇ ಕಾಣ್ತದೆ. ಸೋರುದ್ರೂ ಆಚ್ಗೇ ಸೋರ್ಲಿ."

ಮೀಟರು ಗಾಜಿನ ಆಚೆ ಹೋಯಿತು. ಚಿಕ್ಕಪ್ಪ ನಾಲ್ಕು ದಿನ ಅಜ್ಜಿಯ ಬೆನ್ನು ಹತ್ತಿದ. ಕೊನೆಗೆ ಅವರು, "ಆಯಿತು, ಕೂರಲಿ. ಆದರೆ ತೊಟ್ಟು ಸೋರಿದರೆ ನನ್ನ ಮಾತು ಅದೇ" ಎಂದರು.

ಶನಿವಾರ ಅಂಗಳದಲ್ಲಿ ಇಂಜಿನ್ ಗುಡುಗಿತು. ಅಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಆಂಡಾಳು ಗಾಜಿನಲ್ಲಿ ಮುಳ್ಳು ನೋಡುತ್ತ ಕೂಗುತ್ತಿದ್ದಳು. "ಎರಡು! ಎರಡೂವರೆ!" ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು!

ಅಷ್ಟರಲ್ಲಿ ಮೀಟರಿನ ಕೆಳಗೆ ಏನೋ ಮಿನುಗಿತು. ಸಣ್ಣದು. ಶಿವಣ್ಣ ಆಗಷ್ಟೇ ಕಾರು ತೊಳೆದಿದ್ದ, ನೀರೂ ಇರಬಹುದು. ಬೇರೆ ಯಾರೂ ನೋಡಿರಲಿಲ್ಲ. ಬೆಳಗಾದರೆ ರೇಸು.

"ನಿಲ್ಲಿಸು ಚಿಕ್ಕಪ್ಪಾ! ಸೋರ್ತಿದೆ!"

ಇಂಜಿನ್ ನಿಂತಿತು. ಜಗಲಿಯಲ್ಲಿ ಅಜ್ಜಿ ಎದ್ದರು. ಅವರು ಬಾಯಿ ತೆರೆಯುವ ಮೊದಲೇ ಆಂಡಾಳು ಸೀಟಿನಿಂದ ಇಳಿದಿದ್ದಳು.

ಶಿವಣ್ಣ ಹನಿ ಮುಟ್ಟಿ ಮೂಸಿದ. "ಪೆಟ್ರೋಲೇ ಕಣವ್ವ" ಎಂದು ಸ್ಪ್ಯಾನರ್ ತೆಗೆದುಕೊಂಡ.

ಭಾನುವಾರ ಬೆಳಿಗ್ಗೆ ಅವಳ ಸೀಟಿನಲ್ಲಿ ಶಿವಣ್ಣ ಕೂತಿದ್ದ. ಆಂಡಾಳುವಿಗೆ ಆ ಕಡೆ ನೋಡಲೇ ಆಗಲಿಲ್ಲ, ಸುಳ್ಳೇಕೆ. ಆದರೂ ಬಾನೆಟ್ಟಿನ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ನಟ್ಟಿನ ಸುತ್ತ ಬೆರಳಾಡಿಸಿದಳು. ಬೆರಳು ಒಣಗಿಯೇ ಇತ್ತು. ಇನ್ನೊಂದು ಸಲ ಆಡಿಸಿದಳು.

"ಈಗ ಹೋಗಿ" ಎಂದಳು.